ಸ್ಪೇನಿನ ಊಟದ ಮೇಜಿಗೆ ಕೂರುವ ಮುನ್ನ

ಮಗಳೆ, ನೀನು ಓದಲು ಸ್ಪೇನಿಗೆ ಹೊರಟ ಸುದ್ದಿ ಕಮಲಾಪುರದಿಂದ ಕಲಬುರಗಿಗೆ ಮುಟ್ಟಿದ್ದೇ ತಡ, ಓದಿನ ಮಾತು ಹಿಂದೆ ಬಿದ್ದು ಊಟದ ಮಾತು ಮುಂದೆ ಬಂದಿದೆ. ನಿಮ್ಮ ದೊಡ್ಡವ್ವ "ಅಲ್ಲಿ ಬರೇ ಹಂದಿ, ಮೀನಂತ, ಪೋರಿ ಬ್ರೆಡ್ ತಿಂದು ಒಣಗಿ ಹೋಗ್ತದ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ನಿಮ್ಮ ಮಾಮಾ "ದೇಶ ಬಿಟ್ಟ ಮ್ಯಾಲ ಎಲ್ಲಾ ತಿನ್ನಬೇಕಾಗ್ತದ, ಹೊಟ್ಟಿಗಿ ಎಲ್ಲಿ ನೇಮ" ಎನ್ನುತ್ತಾನೆ. ಎರಡೂ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ನಾನೂ ನಿನ್ನ ಕಾಕೂನೂ ಮಗನ ಮನೆಗೆಂದು ಹೋಗಿ ಮ್ಯಾಡ್ರಿಡ್‌ನಲ್ಲಿ ಒಂದು ಚಳಿಗಾಲ ಕಳೆದವರು, ದಕ್ಷಿಣದ ಊರುಗಳನ್ನೂ ಸುತ್ತಿದವರು. ನೇಮ ಬಿಡಲಿಲ್ಲ, ಹಸಿದು ಮಲಗಲೂ ಇಲ್ಲ. ಸ್ಪೇನಿನಲ್ಲಿ ಸಸ್ಯಾಹಾರಿಗೆ ಊಟವಿದೆ, ಅದೂ ರುಚಿಯಾದ ಊಟ. ಆದರೆ ಅದು ತಾನಾಗಿ ಬಂದು ಎಲೆಗೆ ಬೀಳುವುದಿಲ್ಲ. ಒಂದೊಂದನ್ನೂ ಹೆಸರು ಹಿಡಿದು ಕೇಳಿ ಪಡೆಯಬೇಕು. ಆ ಕೇಳುವ ಬಗೆಯನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಕೆಲಸ ವಿಮಾನ ಹತ್ತುವ ಮುಂಚೆಯೇ ಆಗಬೇಕು. ನಿನ್ನ ಗೆರೆ ಎಲ್ಲಿದೆ ಎಂದು ನೀನೇ ಕೂತು ತೀರ್ಮಾನಿಸು. ನಮ್ಮ ಮನೆಯಲ್ಲಿ ಶಾಕಾಹಾರ ಎಂದರೆ ಮೊಟ್ಟೆಯೂ ಇಲ್ಲ. ನಮ್ಮ ದೇಶದ ಕಾಯ್ದೆಯೂ ಹಾಗೇ ಹೇಳುತ್ತದೆ. ಮೊಟ್ಟೆ ಹಾಕಿದ ಬಿಸ್ಕೀಟಿನ ಪೊಟ್ಟಣಕ್ಕೆ ಹಸಿರು ಚುಕ್ಕೆ ಸಿಗುವುದಿಲ್ಲ. ಅಲ್ಲಿ ಹಾಗಲ್ಲ. ಸಸ್ಯಾಹಾರಿ ಎಂದರೆ ಮೊಟ್ಟೆ, ಹಾಲು, ಚೀಸ್ ಎಲ್ಲ ನಡೆಯುತ್ತದೆ ಎಂದೇ ಅಡುಗೆಯವರ ಲೆಕ್ಕ. ಹಸಿರು ಚುಕ್ಕೆಯಂಥ ಸರ್ಕಾರಿ ಗುರುತು ಯುರೋಪಿನಲ್ಲಿಲ್ಲ. ಹಳದಿ ಬಣ್ಣದ 'ವಿ' ಗುರುತು ಕೆಲವು ಪೊಟ್ಟಣಗಳ ಮೇಲಿರುತ್ತದೆ, ಅದು ಕಂಪನಿಗಳು ತಾವಾಗಿ ಹಾಕಿಸಿಕೊಳ್ಳುವಂಥದ್ದು. ಆದ್ದರಿಂದ ಕೇಳಿಕೊ: ಕೇಕಿನಲ್ಲಿರುವ ಮೊಟ್ಟೆ ನಡೆಯುತ್ತದೆಯೆ? ಮೀನು ಕರಿದ ಎಣ್ಣೆಯಲ್ಲೇ ಕರಿದ ಆಲೂಗಡ್ಡೆ? ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡಿದ ಚೀಸ್? ಇವುಗಳಿಗೆ ನನ್ನ ಉತ್ತರ ನಿನ್ನ ಉತ್ತರವಾಗಬೇಕಿಲ್ಲ. ನಿನ್ನ ಉತ್ತರ ನಿನಗೆ ಗೊತ್ತಿರಬೇಕು, ಅಷ್ಟೆ. ಹಸಿದು ಹೊಟ್ಟೆ ಚುರುಗುಟ್ಟುವಾಗ, ಸುತ್ತ ಹತ್ತು ಜನ ಗೆಳೆಯರು ಕೂತಿರುವಾಗ ಇಂಥ ತೀರ್ಮಾನ ಮಾಡಲಾಗದು.

ನಿನ್ನ ಜೊತೆಗೆ ಬರುತ್ತಿರುವ ಗೆಳತಿಯ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಕೂಡ ಮುಟ್ಟುವುದಿಲ್ಲ ಎಂದು ಕೇಳಿದೆ. ಆ ಹುಡುಗಿಗೆ ಸುಳ್ಳು ಧೈರ್ಯ ಹೇಳಲಾರೆ. ಇವೆರಡೂ ಇಲ್ಲದ ಸ್ಪೇನಿನ ಅಡುಗೆ ಬಲು ಅಪರೂಪ. ಹೋಟೆಲಿನಲ್ಲಿ ಹಣ್ಣು, ಸಾದಾ ಬ್ರೆಡ್, ಸುಟ್ಟ ಮೆಣಸಿನಕಾಯಿ ನೆಚ್ಚಿಕೊಂಡು, ಉಳಿದದ್ದನ್ನು ಮನೆಯಲ್ಲೇ ಬೇಯಿಸಿಕೊಳ್ಳಲಿ.

ಈಗ ಮುಖ್ಯ ಮಾತು. "ಸೋಯ್ ವೆಹೆತಾರಿಯಾನಾ", ಅಂದರೆ ನಾನು ಸಸ್ಯಾಹಾರಿ, ಎಂದು ಹೇಳಿ ಸುಮ್ಮನೆ ಕೂತರೆ ಸಾಲದು. ಹಳ್ಳಿಯ ಕಡೆಯ ಹಳೆಯ ಊಟದ ಮನೆಗಳಲ್ಲಿ ಮಾಂಸ ಎಂದರೆ ತಟ್ಟೆಯಲ್ಲಿ ದೊಡ್ಡದಾಗಿ ಕೂತಿರುವ ತುಂಡು. ಹಾಮೋನ್, ಅಂದರೆ ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿಯ ತೊಡೆ, ಅವರಿಗೆ ನಮ್ಮ ಒಗ್ಗರಣೆಯ ಹಾಗೆ. ರುಚಿಗೆಂದು ಒಂದು ಹಿಡಿ ಉದುರಿಸಿದ್ದನ್ನು ಅಡುಗೆಯವರು ಮಾಂಸವೆಂದು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಅವರು ಮೋಸ ಮಾಡುತ್ತಾರೆಂದಲ್ಲ. ಚಳಿಗಾಲದಲ್ಲಿ ಮನೆಗೊಂದು ಹಂದಿ ಕೊಯ್ದು, ಅದನ್ನೇ ಉಪ್ಪಿಟ್ಟು, ಒಣಗಿಸಿ, ವರ್ಷವಿಡೀ ಚೂರು ಚೂರಾಗಿ ಕಾಳು ಪಲ್ಯಕ್ಕೆ ಹಾಕಿ ಬದುಕಿದ ಬಡ ರೈತರ ಅಡುಗೆ ಅದು. ಹಾಗಾಗಿ ಬಿಡಿಬಿಡಿಯಾಗಿ ಹೇಳು: "ನೋ ಕೋಮೊ ಕಾರ್ನೆ, ನಿ ಹಾಮೋನ್, ನಿ ಪೊಯೊ, ನಿ ಪೆಸ್ಕಾದೊ, ನಿ ಮಾರಿಸ್ಕೊ, ನಿ ವೇವೊ." ಮಾಂಸ, ಹಾಮೋನ್, ಕೋಳಿ, ಮೀನು, ಸಿಗಡಿ-ಏಡಿ, ಮೊಟ್ಟೆ ಯಾವುದೂ ತಿನ್ನುವುದಿಲ್ಲ ಎಂದರ್ಥ. ಇದನ್ನು ಬಾಯಿಪಾಠ ಮಾಡು. ಒಂದು ಚೀಟಿಯಲ್ಲಿ ಅವರ ಲಿಪಿಯಲ್ಲೇ ಬರೆಸಿಕೊಂಡು ಮೊಬೈಲಿನ ಹಿಂದೆ ಇಟ್ಟುಕೊ. ಗದ್ದಲದ ಹೊತ್ತಿನಲ್ಲಿ ಆ ಚೀಟಿಯನ್ನು ಬಡಿಸುವವನ ಕೈಗೆ ಕೊಟ್ಟರೆ ಒಳಗೆ ಅಡುಗೆಯವನವರೆಗೂ ಹೋಗುತ್ತದೆ.

ಎಲ್ಲೆಲ್ಲಿ ಎಚ್ಚರ ಬೇಕು, ಕೇಳು. ಹಸಿರು ಬೀನ್ಸ್ ಎಂದು ಬರೆದಿರುತ್ತದೆ, ಹಾಮೋನ್ ಚೂರು ಹಾಕಿ ಬಾಡಿಸಿರುತ್ತಾರೆ. ಬಟಾಣಿಯೂ ಹಾಗೇ. ಲೆಂತೇಹಾಸ್ ಎಂಬ ಮಸೂರದ ಸಾರು ಚೋರೀಸೊ ಎಂಬ ಹಂದಿ ಸಾಸೇಜು ಇಲ್ಲದೆ ಬರುವುದು ಅಪರೂಪ. ಎನ್ಸಾಲಾದಾ ಮಿಕ್ಸ್ತಾ ಎಂಬ ಸಾದಾ ಸಲಾಡಿನ ನೆತ್ತಿಯ ಮೇಲೆ ಅತೂನ್ ಮೀನು ಕೂತಿರುತ್ತದೆ, ಪಟ್ಟಿಯಲ್ಲಿ ಅದರ ಹೆಸರೂ ಇರುವುದಿಲ್ಲ. ಬಳ್ಳೊಳ್ಳಿ ಸೂಪು ಎಂದು ಆಸೆಪಡಬೇಡ. ಅದರಲ್ಲಿ ಮೊಟ್ಟೆ, ಹಾಮೋನ್ ಎರಡೂ ಇರುತ್ತವೆ. ಕ್ರೊಕೇತಾ ಎಂಬ ಕರಿದ ಉಂಡೆ ಪಾಲಕ್‌ನದ್ದೆಂದರೂ ಹಾಲು ಮೈದಾದ ಗಟ್ಟಿ ಹೂರಣ, ಮೊಟ್ಟೆಯಲ್ಲಿ ಅದ್ದಿದ ಹೊದಿಕೆ. ಆಲೂಗಡ್ಡೆಯ ತೋರ್ತೀಯಾ ದೇಶದ ಹೆಮ್ಮೆಯ ತಿಂಡಿ, ಆದರೆ ಅದರ ಅರ್ಧ ಜೀವ ಮೊಟ್ಟೆ. ನಮಗಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ವ್ರತದಲ್ಲಿ, ಮುಖ್ಯವಾಗಿ ಶುಕ್ರವಾರಗಳಂದು, ಕ್ಯಾಥೊಲಿಕರು ಮಾಂಸ ಬಿಡುತ್ತಾರೆ, ಮೀನು ಬಿಡುವುದಿಲ್ಲ. ಆ ವ್ರತದ ಪುಣ್ಯದಿಂದಲೇ ಕಡಲೆ-ಪಾಲಕ್‌ನ ಅಷ್ಟೊಂದು ಅಡುಗೆಗಳು ಆ ದೇಶದಲ್ಲಿ ಹುಟ್ಟಿವೆ. ಆದರೆ "ವಿಹಿಲಿಯಾ" ಎಂದು ಹೆಸರಿದ್ದ ಕಡಲೆ ಸಾರಿನಲ್ಲಿ ಉಪ್ಪಿಟ್ಟ ಕಾಡ್ ಮೀನು ಇದ್ದೇ ಇರುತ್ತದೆ. ಮಾಂಸವಿಲ್ಲ ಎಂದು ಅವರು ಹೇಳಿದ್ದು ನಿಜವೇ ಆಗಿರುತ್ತದೆ. ಮೀನಿಲ್ಲ ಎಂದು ಅವರು ಹೇಳಿರುವುದಿಲ್ಲ.

ಹಾಗೆಯೇ ಗಸ್ಪಾಚೊ. ಹಸಿ ಟೊಮೆಟೊ, ಸೌತೆಕಾಯಿ, ಮೆಣಸಿನಕಾಯಿ, ಬಳ್ಳೊಳ್ಳಿ, ಆಲಿವ್ ಎಣ್ಣೆ, ಸಿರ್ಕಾ ರುಬ್ಬಿ ತಣ್ಣಗೆ ಕೊಡುವ ಆಂದಲೂಸಿಯಾದ ಗಸ್ಪಾಚೊ ಸಾಮಾನ್ಯವಾಗಿ ಅಪ್ಪಟ ಸಸ್ಯಾಹಾರ, ಹಾಲೂ ಇಲ್ಲ. ಬೇಸಗೆಯಲ್ಲಿ ಹೊಟ್ಟೆಗೆ ತಂಪು. ಆದರೆ ಲಾ ಮಾಂಚಾ ಸೀಮೆಗೆ ಹೋಗಿ "ಗಸ್ಪಾಚೊ ಮಾಂಚೇಗೊ" ಎಂದು ಕೇಳಿದರೆ ಮೊಲ, ಕಾಡುಹಕ್ಕಿಯ ಮಾಂಸದಲ್ಲಿ ರೊಟ್ಟಿ ಚೂರು ಬೇಯಿಸಿದ ಬಿಸಿ ಸಾರು ಬರುತ್ತದೆ. ಹೆಸರು ಒಂದೇ, ಪದಾರ್ಥ ಬೇರೆ.

ಇದಕ್ಕೆ ತಿರುಗಾಮುರುಗಾ ಸಂಗತಿಯೂ ಉಂಟು. ಮ್ಯಾಡ್ರಿಡ್‌ಗೆ ಹೋದ ಹೊಸದರಲ್ಲಿ ನಿನ್ನ ಕಾಕು ಕೆಂಪು ಆಲೂಗಡ್ಡೆ ಪಲ್ಯದ ಹೊಗೆ ವಾಸನೆಗೆ ತಟ್ಟೆ ಸರಿಸಿಬಿಟ್ಟಳು, ಮಾಂಸದ ವಾಸನೆ ಎಂದು. ಅದು ಮಾಂಸವಲ್ಲ, ಪಿಮೆಂತೋನ್ ಎಂಬ ಮೆಣಸಿನಪುಡಿ. ಪೋರ್ಚುಗಲ್ ಗಡಿಯ ಎಕ್ಸ್ತ್ರೆಮದೂರಾ ಪ್ರಾಂತ್ಯದ ಲಾ ವೇರಾ ಕಣಿವೆಯಲ್ಲಿ ಕೆಂಪು ಮೆಣಸಿನಕಾಯಿಯನ್ನು ಓಕ್ ಕಟ್ಟಿಗೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿ ಬೀಸುತ್ತಾರೆ. ಚೋರೀಸೊಗೆ ಆ ಬಣ್ಣ, ಆ ವಾಸನೆ ಬರುವುದೂ ಅದೇ ಪುಡಿಯಿಂದ. ವಾಸನೆ ನಂಬಿ ಬಿಡಬೇಡ, ವಾಸನೆ ನಂಬಿ ತಿನ್ನಲೂ ಬೇಡ. ಕೇಳು.

ಕೇಳುವುದಕ್ಕೆ ಕಾನೂನಿನ ಬೆಂಬಲವೂ ಇದೆ. 2014ರ ಡಿಸೆಂಬರ್‌ನಿಂದ ಯುರೋಪಿನ ಒಕ್ಕೂಟದ ಪ್ರತಿ ಊಟದ ಮನೆಯೂ 14 ಬಗೆಯ ಅಲರ್ಜಿ ಪದಾರ್ಥಗಳಲ್ಲಿ ಯಾವುದು ಯಾವ ಅಡುಗೆಯಲ್ಲಿದೆ ಎಂದು ತಿಳಿಸಲೇಬೇಕು. ಮೊಟ್ಟೆ, ಹಾಲು, ಮೀನು, ಸಿಗಡಿ ಜಾತಿ, ಚಿಪ್ಪುಜೀವಿ, ಶೇಂಗಾ, ಎಳ್ಳು, ಗೋಧಿಯ ಅಂಟು ಎಲ್ಲ ಆ ಪಟ್ಟಿಯಲ್ಲಿವೆ. "ಕಾರ್ತಾ ದೆ ಅಲೆರ್ಹೆನೋಸ್" ಕೊಡಿ ಎಂದರೆ ತಂದು ತೋರಿಸುತ್ತಾರೆ. ಚಿತ್ರದ ಗುರುತುಗಳಿರುವುದರಿಂದ ಭಾಷೆ ಬಾರದಿದ್ದರೂ ಓದಬಹುದು. ಮೊಟ್ಟೆ ಎಲ್ಲಿ ಅಡಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ನೆನಪಿಡು, ಹಂದಿ, ದನ, ಕೋಳಿ ಆ ಪಟ್ಟಿಯಲ್ಲಿಲ್ಲ, ಏಕೆಂದರೆ ಅವು ಅಲರ್ಜಿಯ ಲೆಕ್ಕಕ್ಕೆ ಬರುವುದಿಲ್ಲ. ಗುರುತು ಏನೂ ಇಲ್ಲದ ಅಡುಗೆಯಲ್ಲೂ ಹಂದಿ ಕೊಬ್ಬು ಇರಬಹುದು. ಪಟ್ಟಿ ಓದಿ ಮುಗಿದ ಮೇಲೂ "ಯೇವಾ ಕಾಲ್ದೊ ದೆ ಕಾರ್ನೆ?" ಎಂದು ಕೇಳಬೇಕು. ಮಾಂಸದ ನೀರು ಹಾಕಿದ್ದೀರಾ ಎಂದು.

ಆ ಪ್ರಶ್ನೆ ಅನ್ನದ ಅಡುಗೆಗೆ ತೀರಾ ಅಗತ್ಯ. ಪಯೇಯಾ ವಲೆನ್ಸಿಯಾದ ಅಡುಗೆ, ಮೂಲದಲ್ಲಿ ಕೋಳಿ, ಮೊಲ ಹಾಕಿದ್ದು. ತರಕಾರಿಯದ್ದೂ ಸಿಗುತ್ತದೆ, "ಪಯೇಯಾ ದೆ ವೆರ್ದೂರಾಸ್" ಎಂದು. ಮೇಲೆ ಬರೀ ತರಕಾರಿ ಕಂಡರೂ ಅಕ್ಕಿ ಬೆಂದ ನೀರು ಕೋಳಿಯದ್ದೋ ಮೀನಿನದ್ದೋ ಇರಬಹುದು. ಮೊದಲೇ ಮಾಡಿಟ್ಟ ಪಾತ್ರೆಯಿಂದ ಬಡಿಸುವ ಕಡೆ ಏನೂ ಬದಲಿಸಲಾಗದು. ಹೊಸದಾಗಿ ಬೇಯಿಸಿ ಕೊಡುವ ಕಡೆಗೆ ಹೋಗು; ಸಾಮಾನ್ಯವಾಗಿ ಇಬ್ಬರಿಗಾದರೆ ಮಾತ್ರ ಮಾಡುತ್ತಾರೆ, ಅರ್ಧ ತಾಸು ಕಾಯಬೇಕಾಗುತ್ತದೆ. ಕಾದರೆ ಕೇಸರಿಯ ಘಮ, ತಳದಲ್ಲಿ ಹತ್ತಿದ ಗರಿಗರಿ ಅನ್ನ ಸಿಗುತ್ತದೆ. ಕಾಯುವುದಕ್ಕೆ ಬೆಲೆ ಬರುವ ಊಟ ಅದು.

ಇನ್ನು ಮನಸ್ಸು ತುಂಬಿ ತಿನ್ನಬಹುದಾದದ್ದನ್ನು ಹೇಳುತ್ತೇನೆ. ಇಲ್ಲಿ ನನ್ನ ಮಾತು ಉದ್ದವಾದರೆ ಬೇಸರಪಡಬೇಡ.

ಬೆಳಗ್ಗೆ ಯಾವ ಊರಿನಲ್ಲಾದರೂ ಸುಟ್ಟ ಬ್ರೆಡ್ಡಿಗೆ ಟೊಮೆಟೊ ತುರಿದು ಹಾಕಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡುತ್ತಾರೆ. ಪಾನ್ ಕೋನ್ ತೊಮಾತೆ. ಅಗ್ಗ, ಹಗುರ, ಹಾಲು-ಬೆಣ್ಣೆ ಇಲ್ಲದ್ದು. ಆಂದಲೂಸಿಯಾದಲ್ಲಿ ಮಾತ್ರ ಬ್ರೆಡ್ಡಿಗೆ ಮಾಂತೇಕಾ ಬೇಕೆ ಎಂದು ಕೇಳುತ್ತಾರೆ. ಅದು ಹಂದಿ ಕೊಬ್ಬು. ಬೆಣ್ಣೆಗೆ ಮಾಂತೆಕೀಯಾ ಎನ್ನುತ್ತಾರೆ. ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ, ಆದ್ದರಿಂದ ಎಣ್ಣೆಯನ್ನೇ ಕೇಳುವುದು ಕ್ಷೇಮ.

ಸೆವಿಯಾ ಪಟ್ಟಣಕ್ಕೆ ಹೋದರೆ ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್ ತಿನ್ನದೆ ಬರಬೇಡ. ಕಾಬೂಲಿ ಕಡಲೆ, ಪಾಲಕ್, ಬಳ್ಳೊಳ್ಳಿ, ಜೀರಿಗೆ, ಕರಿದು ರುಬ್ಬಿದ ಬ್ರೆಡ್. ಜೀರಿಗೆ ಕಂಡಾಗ ನಿನಗೆ ನಮ್ಮ ಊರಿನ ಅಡುಗೆಮನೆ ನೆನಪಾಗದೇ ಇರದು. ಕ್ಯಾಟಲೋನಿಯಾದಲ್ಲಿ ಎಸ್ಕಲಿವಾದಾ: ಬದನೆಕಾಯಿ, ದೊಣ್ಣಮೆಣಸಿನಕಾಯಿ, ಉಳ್ಳಾಗಡ್ಡಿಯನ್ನು ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದು ಎಣ್ಣೆಯಲ್ಲಿ ಹಾಕಿದ್ದು. ಅದರ ಮೇಲೆ ಕೆಲವರು ಆಂಚೋವಾ ಮೀನು ಇಡುತ್ತಾರೆ, ಬೇಡವೆಂದು ಮುಂಚೆಯೇ ಹೇಳು. ಗಲೀಸಿಯಾದ ಪಾದ್ರೋನ್ ಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿಸಿ ದಪ್ಪ ಉಪ್ಪು ಉದುರಿಸಿ ತರುತ್ತಾರೆ. ಹೆಚ್ಚಿನವು ಸಪ್ಪೆ, ನಡುವೆ ಒಂದೆರಡು ಖಾರ. ನಮ್ಮವರಿಗೆ ಆ ಖಾರ ಏನೂ ಅಲ್ಲ. ಕ್ಯಾನರಿ ದ್ವೀಪಗಳ ಕಡೆ ಸಣ್ಣ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಸುಕ್ಕುಗಟ್ಟುವವರೆಗೆ ಬೇಯಿಸಿ, ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಸಿರ್ಕಾ ಕುಟ್ಟಿದ ಮೋಹೊ ಚಟ್ನಿ ಜೊತೆ ಕೊಡುತ್ತಾರೆ. ಜೋಳದ ರೊಟ್ಟಿ ಒಂದಿದ್ದರೆ ಸಾಕು ಎನಿಸುತ್ತದೆ.

ಕೋರ್ದೋಬಾ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ನೀನು ನೋಡಿದ್ದೀಯ, 1367ರಲ್ಲಿ ಬಹಮನಿಗಳ ಕಾಲದಲ್ಲಿ ಕಟ್ಟಿದ್ದು. ಬೇರೆ ಮಸೀದಿಗಳ ಹಾಗೆ ಬಯಲು ಅಂಗಳವಿಲ್ಲ. ಪೂರ್ತಿ ಛಾವಣಿ, ಕೆಳಗೆ ಸಾಲುಸಾಲು ಕಮಾನು. ಇದನ್ನು ನೋಡಿದ ವಿದ್ವಾಂಸರು ಮೊದಲು ಹೋಲಿಸುವುದೇ ಕೋರ್ದೋಬಾದ ದೊಡ್ಡ ಮಸೀದಿಗೆ. ಎಂಟನೇ ಶತಮಾನದಲ್ಲಿ ಆರಂಭವಾದ ಆ ಕಟ್ಟಡ 1236ರ ನಂತರ ಚರ್ಚ್ ಆಗಿದೆ. ಕಲಬುರಗಿಯ ಮಗಳು ಸ್ಪೇನಿಗೆ ಹೋಗಿ ಅದನ್ನು ನೋಡದೆ ಬರಬಾರದು. ನೋಡಿ ಹೊರಬಂದು ಹತ್ತಿರದ ಓಣಿಗಳಲ್ಲಿ ಎರಡು ತಿಂಡಿ ಕೇಳು. ಒಂದು ಸಲ್ಮೊರೇಹೊ: ಟೊಮೆಟೊ, ಬ್ರೆಡ್, ಎಣ್ಣೆ, ಬಳ್ಳೊಳ್ಳಿ ರುಬ್ಬಿದ ಗಟ್ಟಿ ತಣ್ಣನೆ ಸಾರು. ಅದರ ಮೇಲೆ ಮೊಟ್ಟೆ, ಹಾಮೋನ್ ಉದುರಿಸುವುದು ವಾಡಿಕೆ. "ಸಿನ್ ಹಾಮೋನ್, ಸಿನ್ ವೇವೊ" ಎಂದರೆ ಎರಡನ್ನೂ ಬಿಟ್ಟು ತರುತ್ತಾರೆ. ಇನ್ನೊಂದು ಬೆರೆನ್‌ಹೇನಾಸ್ ಕೋನ್ ಮಿಯೆಲ್: ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಬ್ಬಿನ ಕಾಕಂಬಿ ಸುರಿಯುತ್ತಾರೆ. ಹೆಸರಿನಲ್ಲಿ ಜೇನು ಎಂದಿದ್ದರೂ ದಕ್ಷಿಣದಲ್ಲಿ ಸಾಮಾನ್ಯವಾಗಿ ಹಾಕುವುದು ಕಬ್ಬಿನದೇ. ಹಿಟ್ಟಿನಲ್ಲಿ ಮೊಟ್ಟೆ, ಹಾಲು ಇದೆಯೆ, ಎಣ್ಣೆ ಮೀನು ಕರಿದದ್ದೆ ಎಂದು ಕೇಳಿಕೊಂಡು ತಿನ್ನು. ಬದನೆಯೂ ಕಬ್ಬೂ ನಮ್ಮ ದಿಕ್ಕಿನಿಂದ ಪರ್ಶಿಯಾ ದಾಟಿ ಅರಬರ ಜೊತೆ ಸ್ಪೇನ್ ಸೇರಿದವು. ಅಲ್ಲಿಂದ ಅಮೆರಿಕಕ್ಕೆ ಹೊರಟ ಹಡಗುಗಳು ಮರಳಿ ತಂದ ಮೆಣಸಿನಕಾಯಿ ಪೋರ್ಚುಗೀಸರ ಕೈಯಿಂದ ಗೋವಾಕ್ಕೆ ಬಂದು ನಮ್ಮ ರಂಜಕವಾಯಿತು. ಆ ತಟ್ಟೆಯ ಮುಂದೆ ಪರದೇಶಿ ಎಂದು ಅಂದುಕೊಳ್ಳಬೇಕಾದ ಅಗತ್ಯವೇ ನಿನಗಿಲ್ಲ.

ಮಾಲಗಾ, ಗ್ರಾನಾದಾ ಕಡೆ ಬಾದಾಮಿ, ಬ್ರೆಡ್, ಬಳ್ಳೊಳ್ಳಿ ರುಬ್ಬಿದ ಬಿಳಿ ಸಾರು ಆಹೊಬ್ಲಾಂಕೊ ಸಿಗುತ್ತದೆ, ದ್ರಾಕ್ಷಿ ಹಾಕಿ ಕೊಡುತ್ತಾರೆ. ಹಾಲಿನಂತೆ ಕಂಡರೂ ಹಾಲಿಲ್ಲ. ಹಾಲನ್ನೂ ಬಿಟ್ಟ ವೀಗನ್ ನೇಮ ಹಿಡಿದವರಿಗೆ ಅದು ವರ.

ವೀಗನ್ ಎಂದೆನಲ್ಲ, ನಿನ್ನ ತಮ್ಮ ಈಗ ಆ ದಾರಿ ಹಿಡಿದಿದ್ದಾನೆ, ಮನೆಯಲ್ಲಿ ಎಲ್ಲರೂ ಬೈಯುತ್ತಾರೆ. ನಾನು ಬೈಯಲಾರೆ. ನಮ್ಮ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಊಟದಲ್ಲಿ ಮೊಸರು, ತುಪ್ಪ ಬಿಟ್ಟರೆ ಹಾಲಿನದ್ದು ಮತ್ತೇನಿದೆ? ಸ್ಪೇನಿನಲ್ಲೂ ಬೆಣ್ಣೆಯ ಜಾಗದಲ್ಲಿ ಆಲಿವ್ ಎಣ್ಣೆ ಇರುವುದರಿಂದ ಫ್ರಾನ್ಸಿಗಿಂತ ಅಲ್ಲಿ ವೀಗನ್ ಊಟ ಸುಲಭ ಎಂಬುದು ನನ್ನ ಅಭಿಪ್ರಾಯ. ಅಲಿಯೋಲಿ ಎಂಬ ಬಳ್ಳೊಳ್ಳಿ ಚಟ್ನಿಯ ಮೇಲೆ ಮಾತ್ರ ಕಣ್ಣಿರಲಿ. ಹಳೆಯ ಪದ್ಧತಿಯಲ್ಲಿ ಅದು ಬಳ್ಳೊಳ್ಳಿ ಮತ್ತು ಎಣ್ಣೆ ಅಷ್ಟೆ; ಇಂದಿನ ಹೋಟೆಲುಗಳಲ್ಲಿ ಬಹುಪಾಲು ಮೊಟ್ಟೆ ಹಾಕಿರುತ್ತಾರೆ. ಪತಾತಾಸ್ ಬ್ರಾವಾಸ್ ಎಂಬ ಖಾರದ ಆಲೂಗಡ್ಡೆಯ ಮೇಲೆ ಹಲವೆಡೆ ಅದನ್ನೇ ಸುರಿಯುತ್ತಾರೆ, ಕೆಂಪು ಸಾಸಿಗೂ ಕೆಲವೆಡೆ ಮಾಂಸದ ನೀರು ಸೇರುತ್ತದೆ. ಬಾರ್ಸಿಲೋನಾ ನಗರಸಭೆ 2016ರಲ್ಲಿ ತನ್ನ ಊರನ್ನು ಸಸ್ಯಾಹಾರಿ, ವೀಗನ್ ಜನರಿಗೆ ಸ್ನೇಹದ ಊರೆಂದು ಘೋಷಿಸಿದೆ. ಅಲ್ಲೂ ಮ್ಯಾಡ್ರಿಡ್‌ನಲ್ಲೂ ಪೂರ್ತಿ ಸಸ್ಯಾಹಾರಿ ಹೋಟೆಲುಗಳೇ ಬೇಕಾದಷ್ಟಿವೆ.

ಚೀಸ್ ತಿನ್ನುವುದಾದರೆ ಒಂದು ಗುಟ್ಟು. ಹೆಸರಾಂತ ಮಾಂಚೇಗೊ ಕುರಿ ಹಾಲಿನ ಚೀಸ್, ಸಾಮಾನ್ಯವಾಗಿ ಮರಿಯ ಹೊಟ್ಟೆಯ ಹೆಪ್ಪಿನಿಂದ ಒಡೆಸಿದ್ದು. ಎಕ್ಸ್ತ್ರೆಮದೂರಾದ ತೋರ್ತಾ ದೆಲ್ ಕಸಾರ್ ಮತ್ತು ಲಾ ಸೆರೇನಾ ಚೀಸುಗಳಿಗೆ ಕಾಡು ಮುಳ್ಳುಗಿಡದ ಒಣ ಹೂವಿನ ಹೆಪ್ಪು ಹಾಕುವುದು ನಿಯಮ. ಹೆಪ್ಪಿನ ವಿಷಯದಲ್ಲಿ ಕಟ್ಟುನಿಟ್ಟಾದವರು ಇವನ್ನು ಕೇಳಬಹುದು. ಸಿಹಿಯಲ್ಲಿ ಕ್ರಿಸ್ಮಸ್ಸಿನ ಪೊಲ್ವೊರೋನ್, ಮಲ್ಯೋರ್ಕಾದ ಎನ್ಸಾಯಿಮಾದಾ ಎರಡಕ್ಕೂ ಹಂದಿ ಕೊಬ್ಬು ಬೀಳುತ್ತದೆ, ದೂರವಿರು. ಚೂರ್ರೋಸ್ ಎಂಬ ಕರಿದ ತಿಂಡಿ ಬರೀ ಹಿಟ್ಟು, ನೀರು, ಉಪ್ಪು. ಅದಕ್ಕೇ ಮೀಸಲಾದ ಅಂಗಡಿಯಲ್ಲಿ ಎಣ್ಣೆಯ ಭಯವೂ ಕಡಿಮೆ. ವಲೆನ್ಸಿಯಾದ ಓರ್ಚಾತಾ ಒಂದು ಬಗೆಯ ಜೇಕಿನ ಗಡ್ಡೆ ಅರೆದು ತೆಗೆದ ತಂಪು ಹಾಲು, ದನದ್ದಲ್ಲ.

ಹೊತ್ತಿನ ವಿಷಯ. ಕಲಬುರಗಿಯ ಖಾನಾವಳಿಯ ಹಾಗೆ ಹನ್ನೆರಡಕ್ಕೆ ಹೋದರೆ ಅಡುಗೆಮನೆ ತೆರೆದಿರುವುದಿಲ್ಲ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದ್ದು ಒಂಬತ್ತರ ಮೇಲೆ. ಮಧ್ಯಾಹ್ನ "ಮೆನು ದೆಲ್ ದೀಆ" ಎಂದು ಎರಡು ಬಗೆ ಅಡುಗೆ, ಬ್ರೆಡ್, ಹಣ್ಣು ಅಥವಾ ಸಿಹಿ ಸೇರಿದ ನಿಗದಿ ದರದ ಊಟ ಇರುತ್ತದೆ. ವಿದ್ಯಾರ್ಥಿಯ ಜೇಬಿಗೆ ಅದೇ ಹಿತ. ಎರಡನೆಯ ಬಗೆಯಲ್ಲಿ ಮಾಂಸ-ಮೀನೇ ಇದ್ದರೆ, ಮೊದಲ ಬಗೆಯಲ್ಲೇ ಎರಡನ್ನು ಕೊಡುತ್ತೀರಾ ಎಂದು ಕೇಳು, ಬಹಳ ಕಡೆ ಒಪ್ಪುತ್ತಾರೆ. ಬಾಟಲಿ ನೀರಿಗೆ ದುಡ್ಡು ಸುರಿಯಬೇಡ. 2022ರ ಕಾಯ್ದೆ ಪ್ರಕಾರ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು. ಗ್ರಾನಾದಾದಂಥ ಊರುಗಳಲ್ಲಿ ಏನಾದರೂ ಕುಡಿಯಲು ತರಿಸಿದರೆ ಜೊತೆಗೊಂದು ತಿಂಡಿ ಪುಕ್ಕಟೆ ಬರುತ್ತದೆ, ಅದು ಹೆಚ್ಚಾಗಿ ಮಾಂಸದ್ದೇ. ಪಾನಕ ಹೇಳುವಾಗಲೇ ನಿನ್ನ ನೇಮವನ್ನೂ ಹೇಳಿಬಿಡು. ತಂದಿಟ್ಟ ಮೇಲೆ ಹಿಂದಿರುಗಿಸಿದರೆ ಅನ್ನ ಚೆಲ್ಲಿದಂತಾಗುತ್ತದೆ.

ಜೊತೆಯವರೊಂದಿಗೆ ಕೂರುವ ಬಗೆಯೂ ಊಟದಷ್ಟೇ ಮುಖ್ಯ. ಅಲ್ಲಿ ತಟ್ಟೆಗಳನ್ನು ನಡುವೆ ಇಟ್ಟು ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ನಿನ್ನ ಪಾಲನ್ನು ಮೊದಲೇ ಬೇರೆ ತಟ್ಟೆಗೆ ತೆಗೆದುಕೊ, ಆಮೇಲೆ ಚಮಚಗಳು ಅದಲು ಬದಲಾಗುತ್ತವೆ. ಪ್ರಾಧ್ಯಾಪಕರು ಅಥವಾ ಗೆಳೆಯರು ಊಟಕ್ಕೆ ಕರೆದರೆ ಎರಡು ದಿನ ಮೊದಲೇ ಹೇಳು. ಮೇಜಿನ ಮುಂದೆ ಕೂತು ಹೇಳಿದರೆ ಕರೆದವರಿಗೆ ನಾಚಿಕೆಯಾಗುತ್ತದೆ. ಪಕ್ಕದವರ ತಟ್ಟೆ ನೋಡಿ ಮುಖ ಕಿವುಚಬೇಡ, ಮೂಗು ಮುಚ್ಚಬೇಡ, ಉಪದೇಶವಂತೂ ಬೇಡವೇ ಬೇಡ. ನಮ್ಮ ಊರು ನಮಗೆ ಇದನ್ನು ಕಲಿಸಿದೆ. ಶರಣಬಸವೇಶ್ವರರ ದಾಸೋಹದ ಊಟ, ಬಂದೇ ನವಾಜರ ದರ್ಗಾ ಓಣಿಯ ಮುಂಜಾನೆಯ ಮಾಂಸದ ತಹಾರಿ ಎರಡೂ ಕಲಬುರಗಿಯವೇ. ಒಂದೇ ಬೀದಿಯಲ್ಲಿ ನಮ್ಮ ಖಾನಾವಳಿ, ತಹಾರಿಯ ಹೋಟೆಲು ಇದ್ದು, ಒಬ್ಬರ ಒಲೆ ಇನ್ನೊಬ್ಬರಿಗೆ ಅಡ್ಡಿಯಾಗಿಲ್ಲ. ನಿನ್ನ ನೇಮ ನಿನಗೆ ಎಷ್ಟು ದೊಡ್ಡದೋ ಪಕ್ಕದವರ ಊಟ ಅವರಿಗೆ ಅಷ್ಟೇ ದೊಡ್ಡದು.

ಲಂಡನ್ನಿನಲ್ಲೋ ಜರ್ಮನಿಯಲ್ಲೋ ಇರುವ ನಿನ್ನ ಅಣ್ಣಂದಿರು ಅಲ್ಲಿನ ಸ್ಪ್ಯಾನಿಷ್ ಹೋಟೆಲಿಗೆ ಹೋಗುವಾಗಲೂ ಇದೇ ಮಾತು ನಡೆಯುತ್ತದೆ. ಅಲ್ಲಿ ಪಟ್ಟಿಯಲ್ಲೇ ಸಸ್ಯಾಹಾರದ ಗುರುತು ಹಾಕಿರುತ್ತಾರೆ, ಕೆಲಸ ಹಗುರ. ಆದರೆ ಆ ಗುರುತಿನಲ್ಲಿ ಮೊಟ್ಟೆ ಸೇರಿರುತ್ತದೆ.

ಇನ್ನು ಬುತ್ತಿ. ದೊಡ್ಡವ್ವ ತುಪ್ಪದ ಡಬ್ಬಿ, ಪೇಢೆ ಕಟ್ಟುತ್ತಿದ್ದಾಳೆ, ಅವನ್ನು ಮನೆಯಲ್ಲೇ ಇಳಿಸು. ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿನ ಒಕ್ಕೂಟಕ್ಕೆ ಪ್ರಯಾಣಿಕರು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಹಸಿ ಕರಿಬೇವು, ಮಾವು, ತರಕಾರಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ಖರ್ಜೂರ, ಡುರಿಯನ್, ಬಾಳೆಹಣ್ಣು ಈ 5ಕ್ಕೆ ಮಾತ್ರ 2019ರ ಡಿಸೆಂಬರ್‌ನಿಂದ ರಿಯಾಯಿತಿ. ಹಾಗಾಗಿ ನಿಮ್ಮ ತೋಟದ ಕಮಲಾಪುರದ ಕೆಂಪು ಬಾಳೆ ನಿನ್ನ ಜೊತೆ ಧೈರ್ಯವಾಗಿ ಬರಬಹುದು. ಭೌಗೋಳಿಕ ಗುರುತು ಪಡೆದ ಹಣ್ಣು, ಕ್ಯಾನರಿ ದ್ವೀಪದ ಬಾಳೆ ತಿಂದು ಬೆಳೆದ ನಿನ್ನ ಗೆಳತಿಯರಿಗೆ ರುಚಿ ತೋರಿಸು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗೆ ತೊಂದರೆಯಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ನಮ್ಮ ಕಲಬುರಗಿಯ ತೊಗರಿ ಬ್ಯಾಳಿ ಎರಡು ಕಿಲೊ ಇರಲಿ. ಮುಗಿದ ಮೇಲೆ ಮ್ಯಾಡ್ರಿಡ್‌ನ ಲವಪಿಯೆಸ್, ಬಾರ್ಸಿಲೋನಾದ ರಾವಾಲ್ ಓಣಿಗಳ ನಮ್ಮ ಕಡೆಯವರ ಅಂಗಡಿಗಳಲ್ಲಿ ತೊಗರಿ ಸಿಗುತ್ತದೆ, ಈ ರುಚಿ ಸಿಗುವುದಿಲ್ಲ.

ಎಳ್ಳಮಾಸಿ ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬೀಳುತ್ತದೆ, ಅವರ ರಜೆಯ ಆಸುಪಾಸು. ನಮ್ಮ ಭಜ್ಜಿಗೆ ಬೇಕಾದ ಕಡಲೆ, ಬಟಾಣಿ, ಪಾಲಕ್, ಬದನೆ, ಹಸಿರು ಉಳ್ಳಾಗಡ್ಡಿ ಎಲ್ಲ ಅಲ್ಲಿನ ಸಂತೆಯಲ್ಲೇ ಸಿಗುತ್ತವೆ; ಹುಣಸೆಹಣ್ಣು, ಸಜ್ಜಿ ಹಿಟ್ಟು ಇಲ್ಲಿಂದಲೇ ಒಯ್ಯಿ. ವರ್ಷವಿಡೀ ನಿನ್ನ ನೇಮ ಕೇಳಿ, ತಾಳ್ಮೆಯಿಂದ ಪಟ್ಟಿ ಓದಿ ಹೇಳಿದ ಗೆಳತಿಯರನ್ನು ಆ ದಿನ ನಿನ್ನ ಕೋಣೆಗೆ ಕರೆದು ಊಟಕ್ಕೆ ಹಾಕು, ಮಗಳೆ.